ತಲೆ ಯಾವ ದಿಕ್ಕಿಗೆ?

ದಿಕ್ಕುಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಮೈಸೂರಿನಿಂದ ಬಂದು, ನಿವೃತ್ತನಾಗುವವರೆಗೂ ಕ್ಯಾಲಿಫೋರ್ನಿಯಾದ ವಾಲ್ನಟ್ ಕ್ರೀಕಿನ ಒಂದು ಆಫೀಸಿನಲ್ಲಿ ರಸ್ತೆಗಳ ನಕ್ಷೆ ಬರೆದವನು ನಾನು. ಪ್ರತಿ ನಕ್ಷೆಯ ಮೂಲೆಯಲ್ಲೂ ಉತ್ತರ ಯಾವ ಕಡೆ ಎಂದು ತೋರಿಸುವ ಪುಟ್ಟ ಬಾಣವೊಂದು ಇರುತ್ತದಲ್ಲ, ಅದನ್ನು ಬರೆಯುವಾಗ ನನ್ನ ಗತ್ತೇ ಬೇರೆ. ಉತ್ತರ ದಿಕ್ಕು ನನ್ನ ಅಪ್ಪಣೆ ಪಡೆದೇ ಅಲ್ಲಿ ಬಂದು ಕೂತಿದೆ ಅನ್ನಿಸುತ್ತಿತ್ತು!

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ನಿವೃತ್ತಿಯ ಹುಮ್ಮಸ್ಸಿನಲ್ಲಿ, ಹಳೆಯದೊಂದು ಮೋಟರ್ ಹೋಮ್ ಕೊಂಡೆ. ಒಳಗೇ ಒಲೆ, ಒಳಗೇ ಬಚ್ಚಲು, ಹಿಂಭಾಗದಲ್ಲಿ ಮಂಚ, ದಿಂಬು ಹಿಂಬದಿಯ ಗೋಡೆಗೆ. ಬೇಸಿಗೆ ಪೂರ್ತಿ ಸಮುದ್ರ, ಕಾಡು, ಬೆಟ್ಟ ಎಂದು ಗೆಳೆಯರ ಜೊತೆ ಅಲೆಯುವುದೆಂದು ನನ್ನ ಯೋಜನೆ. ಹೆಂಡತಿ ರುಕ್ಮಿಣಿ ಒಂದೇ ಷರತ್ತು ಹಾಕಿದಳು.

“ಬರ್ತೀನಿ ಕಣ್ರೀ. ಆದ್ರೆ ಒಂದೇ ಒಂದು ರಾತ್ರಿ ನನ್ನ ನಿದ್ದೆ ಕೆಟ್ರೂ ಮಾರನೇ ದಿನ ಗಾಡಿ ಮನೆ ಕಡೆಗೆ. ಆಮೇಲೆ ಅದನ್ನ ಮಾರಿಬಿಡಬೇಕು.”

ಮರುಮಾತಿಲ್ಲದೆ ಒಪ್ಪಿದೆ. ನಿದ್ದೆ ಕೆಡುವಂಥದ್ದು ಏನಿದೆ ಇದರಲ್ಲಿ?

ಮೊದಲ ಬಿಡಾರ ಸಾಂತಾ ಕ್ರೂಜ್ ಹತ್ತಿರ, ಸಮುದ್ರದ ದಂಡೆಯ ದಿಬ್ಬದ ಮೇಲೆ. ಜೊತೆಗೆ ನೆವಾರ್ಕಿನ ಡಾಕ್ಟರ್ ಪುಟ್ಟಸ್ವಾಮಿ, ಅವರ ಹೆಂಡತಿ ಜಯಮ್ಮ. ಮಂಡ್ಯದವರು, ಡಾಕ್ಟರಿಕೆಯಿಂದ ನಿವೃತ್ತರಾದರೂ ಮಂಡ್ಯದ ಮಾತಿನಿಂದ ನಿವೃತ್ತರಾದವರಲ್ಲ. ಅವರದೂ ಒಂದು ಗಾಡಿ, ನಮ್ಮ ಪಕ್ಕದಲ್ಲೇ. ಬೆಳಿಗ್ಗೆ ನಾವು ತಲುಪಿದಾಗ ದಟ್ಟ ಮಂಜು. ಆಕಾಶ ಕಾಣದು, ಸೂರ್ಯನ ಸುಳಿವಿಲ್ಲ. ಕೆಳಗೆ ಅಲೆಗಳ ಸದ್ದು ಮಾತ್ರ. ಪುಟ್ಟಸ್ವಾಮಿ ಕಂಡಕ್ಟರಂತೆ ಗಾಡಿಯ ಹಿಂಬದಿ ತಟ್ಟುತ್ತಾ “ಬರ್ಲಿ, ಬರ್ಲಿ... ಹೋಲ್ಡಾನ್!” ಎಂದು ಕೂಗಿ, ನನ್ನ ಗಾಡಿಯ ಬೆನ್ನನ್ನು ಸಮುದ್ರದ ಕಡೆಗೆ ಮಾಡಿ ನಿಲ್ಲಿಸಿದರು. ಅಲ್ಲಿ ಎಲ್ಲರೂ ಹಾಗೇ ನಿಲ್ಲಿಸಿದ್ದರು.

ನೀರಿನ ಪೈಪು ಸಿಕ್ಕಿಸಿ ಕೈ ಒರೆಸಿಕೊಳ್ಳುತ್ತಿದ್ದೆ. ಹಾಸಿಗೆ ಹಾಸುತ್ತಿದ್ದ ರುಕ್ಮಿಣಿ ಕಿಟಕಿಯಿಂದ ಕೇಳಿದಳು, “ರೀ, ಇಲ್ಲಿ ಮಲಗಿದ್ರೆ ತಲೆ ಯಾವ ದಿಕ್ಕಿಗೆ ಬರತ್ತೆ?”

ಪೂರ್ವ ಎಂದು ಹೇಳಿ ಸುಮ್ಮನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಾನು ನಕ್ಷೆ ಬರೆದವನಲ್ಲವೇ?

“ಪಶ್ಚಿಮ!” ಎಂದೆ ಗಂಭೀರವಾಗಿ. “ಕ್ಯಾಲಿಫೋರ್ನಿಯಾದಲ್ಲಿ ಸಮುದ್ರ ಪಶ್ಚಿಮಕ್ಕಿರುತ್ತೆ. ಸಣ್ಣ ಮಕ್ಕಳಿಗೂ ಗೊತ್ತು.”

“ಅಯ್ಯೋ! ಪಶ್ಚಿಮಕ್ಕೆ ತಲೆ ಹಾಕಿದ್ರೆ ಚಿಂತೆ ಹತ್ಕೊಳತ್ತೆ ಅಂತ ನಮ್ಮಜ್ಜಿ ಹೇಳೋರು. ಉತ್ತರಕ್ಕಂತೂ ಆಯಸ್ಸೇ ಕಮ್ಮಿ. ನನಗೆ ನಿದ್ದೆ ಹತ್ತಲ್ಲ ಬಿಡಿ.”

ನಿದ್ದೆ! ನನ್ನ ಬೇಸಿಗೆಗೆ ಸಂಚಕಾರ ಬಂತು. “ಗಾಡಿ ತಿರುಗಿಸ್ತೀನಿ. ತಲೆ ಪೂರ್ವಕ್ಕೆ ಬರುತ್ತೆ,” ಎಂದು ಘೋಷಿಸಿದೆ.

“ಕಂಪಾಸ್ ಇದ್ರೆ ಒಂದ್ಸಲ ನೋಡಿ ಸಾರ್,” ಎಂದರು ಪುಟ್ಟಸ್ವಾಮಿ.

“ನನಗೆ ಕಂಪಾಸಾ?” ಎಂದು ನಕ್ಕೆ. ಜಯಮ್ಮ ಏನೋ ಹೇಳಲು ಬಾಯಿ ತೆರೆದರು. “ಆಮೇಲೆ, ಆಮೇಲೆ!” ಎಂದು ಕೈಯಾಡಿಸಿ ಗಾಡಿ ಹತ್ತಿದೆ.

ಪುಟ್ಟಸ್ವಾಮಿ “ರೈಟ್ ರೈಟ್!” ಎಂದರು. ಗಾಡಿ ಮುಂದೆ ಹೋಯಿತು. ನೀರಿನ ಪೈಪೂ ಮುಂದೆ ಬಂತು. ನಲ್ಲಿ ಮಾತ್ರ ಬರಲೊಪ್ಪಲಿಲ್ಲ! ಪೈಪು ಕಿತ್ತು, ನೀರು ಕಾರಂಜಿಯಾಗಿ ಚಿಮ್ಮಿ, ಜಯಮ್ಮ ಮೇಜಿನ ಮೇಲೆ ತೆರೆದಿಟ್ಟಿದ್ದ ಪುಳಿಯೋಗರೆಯ ಪಾತ್ರೆಗೆ ಗುರಿಯಿಟ್ಟು ಬಿತ್ತು. ಪುಳಿಯೋಗರೆ ಸಾರನ್ನವಾಯಿತು.

ಒಂದು ಸುತ್ತು ಹಾಕಿ ಬಂದು, ಮೂತಿಯನ್ನು ಸಮುದ್ರಕ್ಕೆ ಮಾಡಿ ನಿಲ್ಲಿಸಿದೆ. ಈಗ ನಲ್ಲಿ ಒಂದು ಪಕ್ಕ, ಪೈಪು ಸಿಕ್ಕಿಸುವ ತೂತು ಇನ್ನೊಂದು ಪಕ್ಕ. ಗಾಡಿಯ ಹೊಟ್ಟೆಯ ಕೆಳಗೆ ತೆವಳಿ ಎಳೆದು ಜೋಡಿಸಿದೆ. ಎದ್ದು ನೋಡಿದರೆ ಜಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ.

“ಹಂಗಾರೆ ನಮ್ ತಲೇನೂ ಪಶ್ಚಿಮಕ್ಕೇ ಅಲ್ವಾ?”

ಪುಟ್ಟಸ್ವಾಮಿಯವರ ಗಾಡಿಯೂ ತಿರುಗಿತು. ಈ ಗಲಾಟೆಗೆ ಆಚೆ ಪಕ್ಕದ ಬೆಟ್ಟಿ ಎಂಬ ಅಮೆರಿಕನ್ ಅಜ್ಜಿ ಕಾಫಿ ಲೋಟ ಹಿಡಿದು ಬಂದು, ಏನು ನಡೆಯುತ್ತಿದೆ ಎಂದು ಕೇಳಿದಳು. ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಆಕೆಯ ಕಣ್ಣು ಅರಳಿತು. ತನಗೆ ಎಷ್ಟೋ ಕಾಲದಿಂದ ಸರಿಯಾಗಿ ನಿದ್ದೆಯಿಲ್ಲ, ಕಾರಣ ಇದೇ ಇರಬೇಕು ಎಂದವಳೇ ಗಂಡನನ್ನು ಎಬ್ಬಿಸಿದಳು. ಮಧ್ಯಾಹ್ನದೊಳಗೆ ಮೂರು ಗಾಡಿಗಳು ನನ್ನ ಮಾರ್ಗದರ್ಶನದಲ್ಲಿ ತಿರುಗಿ ನಿಂತವು. ಆ ದಿನದ ಮಟ್ಟಿಗೆ ನಾನೊಬ್ಬ ಧರ್ಮಗುರು!

ಸಂಜೆ ಮಂಜು ಸರಿಯಿತು. ಸೂರ್ಯಾಸ್ತ ನೋಡೋಣವೆಂದು ಕುರ್ಚಿಗಳನ್ನೆಲ್ಲ ಸಮುದ್ರದ ಕಡೆಗೆ ಸಾಲಾಗಿ ಹಾಕಿಸಿದೆ. ಬೆಟ್ಟಿ ದಂಪತಿಗಳನ್ನೂ ಕರೆದೆವು. ಗಾಡಿ ತಿರುಗಿಸಿ ಸುಸ್ತಾಗಿದೆ ಎಂದು ಅವರು ಆಗಲೇ ಮಲಗಲು ಹೋಗಿದ್ದರು. ನಾವು ನಾಲ್ವರೂ ಕೂತು ಸಮುದ್ರವನ್ನು ನೋಡಿದೆವು. ನೋಡುತ್ತಲೇ ಇದ್ದೆವು. ನನ್ನ ಬಲಗಿವಿ ಬೆಚ್ಚಗಾಗತೊಡಗಿತು.

ಪುಟ್ಟಸ್ವಾಮಿ ಕುತ್ತಿಗೆ ತಿರುಗಿಸಿ ಹಿಂದಕ್ಕೆ ನೋಡಿದರು. “ಸಾರ್, ಸೂರ್ಯ ದಾರಿ ತಪ್ಪವ್ನೆ ಕಣ್ ಸಾರ್!”

ಸೂರ್ಯ ನಮ್ಮ ಬಲಕ್ಕೆ, ಬೆನ್ನ ಹಿಂದಿನ ಮರಗಳ ನಡುವೆ ಆರಾಮಾಗಿ ಮುಳುಗುತ್ತಿದ್ದ. ಆ ಊರಿನಲ್ಲಿ ದಡ ಒಳಕ್ಕೆ ಬಾಗಿ, ಸಮುದ್ರ ದಕ್ಷಿಣಕ್ಕೆ ಬೀಳುತ್ತದಂತೆ! ನನಗೆ ಯಾರೂ ಹೇಳಿರಲಿಲ್ಲ. ಹೇಳಲು ಬಿಟ್ಟಿರಲೂ ಇಲ್ಲ.

ರುಕ್ಮಿಣಿ ಎರಡೂ ಕೈ ಚಾಚಿ ಲೆಕ್ಕ ಹಾಕಿದಳು. “ಅಂದ್ರೆ ಬೆಳಿಗ್ಗೆ ನಮ್ಮ ತಲೆ ದಕ್ಷಿಣಕ್ಕಿತ್ತು. ಎಲ್ಲಕ್ಕಿಂತ ಒಳ್ಳೇ ದಿಕ್ಕು. ಈಗ?”

ನಾನು ಸಮುದ್ರವನ್ನು ಬಹಳ ಆಸಕ್ತಿಯಿಂದ ನೋಡಿದೆ.

“ಈಗ ಯಾವ ದಿಕ್ಕು, ಹೇಳ್ರೀ!”

“ಉತ್ತರ,” ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ನಾಳೆಯೇ ಮನೆ, ನಾಡಿದ್ದೇ ಮಾರಾಟ ಎಂದು ಮನಸ್ಸಿನಲ್ಲೇ ಗಾಡಿಗೆ ವಿದಾಯ ಹೇಳಿದೆ.

ಜಯಮ್ಮ ಸೆರಗು ಸಿಕ್ಕಿಸಿ ಎದ್ದು, ನಮ್ಮ ಗಾಡಿಯೊಳಗೆ ಹೋಗಿ ಅರ್ಧ ನಿಮಿಷಕ್ಕೆ ವಾಪಸು ಬಂದರು. “ದಿಂಬ ಕಾಲ್ ಕಡೆಗೆ ಮಡಗಿದೀನಿ. ಈಗ ತಲೆ ದಕ್ಷಿಣಕ್ಕೆ. ಮಲಿಕಳಿ.”

“ಇದನ್ನ ಬೆಳಿಗ್ಗೇನೇ ಹೇಳಬಾರದಿತ್ತಾ?” ಎಂದೆ.

“ನೀವು ಯಾರ್ಗೆ ಮಾತಾಡಕ್ ಬಿಟ್ರಿ?”

ರುಕ್ಮಿಣಿಗೆ ಗಡದ್ದಾಗಿ ನಿದ್ದೆ ಬಂತು. ನನಗೆ ಬರಲಿಲ್ಲ, ಉತ್ತರಕ್ಕೆ ತಲೆ ಹಾಕಿ ಮಲಗಿದ್ದ ಬೆಟ್ಟಿಯದೇ ಚಿಂತೆ. ಬೆಳಿಗ್ಗೆ ಆಕೆ ಕುಣಿಯುತ್ತಾ ಬಂದಳು. ಇಷ್ಟು ಒಳ್ಳೆಯ ನಿದ್ದೆ ಜನ್ಮದಲ್ಲೇ ಬಂದಿರಲಿಲ್ಲವಂತೆ! ಕೃತಜ್ಞತೆಗೆ ಒಂದು ಆಪಲ್ ಪೈ. ನಿಜ ಹೇಳುವ ಧೈರ್ಯ ನಮಗ್ಯಾರಿಗೂ ಆಗಲಿಲ್ಲ, ಪೈ ಚೆನ್ನಾಗಿತ್ತು.

ಗಾಡಿ ಮಾರಲಿಲ್ಲ. ಬೇಸಿಗೆ ಪೂರ್ತಿ ಅಲೆದೆವು. ಆದರೆ ಅವತ್ತೇ ರುಕ್ಮಿಣಿ ಕ್ಯಾಂಪಿನ ಅಂಗಡಿಯಿಂದ ಮಕ್ಕಳಾಟದ ಕಂಪಾಸೊಂದನ್ನು ತಂದು ಸ್ಟಿಯರಿಂಗ್ ಮುಂದೆ ಅಂಟಿಸಿದಳು. ಅದರೊಳಗೆ ಬಾಣವಿಲ್ಲ, ಒಂದು ಹಳದಿ ಬಾತುಕೋಳಿ, ಕೊಕ್ಕು ಸದಾ ಉತ್ತರಕ್ಕೆ.

ಅಂದಿನಿಂದ ಯಾವುದೇ ಬಿಡಾರಕ್ಕೆ ಹೋದರೂ ಪುಟ್ಟಸ್ವಾಮಿ ಮೊದಲು ಕೇಳುವುದು ಒಂದೇ ಪ್ರಶ್ನೆ: “ಸಾರ್, ನೀವ್ ಸುಮ್ನಿರಿ. ಬಾತ್ಕೋಳಿ ಏನಂತದೆ?”