ಡಾಕ್ಟರಮ್ಮನ ಭಾನುವಾರದ ಕ್ಲಾಸು

ಡಾಕ್ಟರಾದವರು ಕೊನೇ ತನಕ ಕಲಿಯುತ್ತಲೇ ಇರಬೇಕು ಅನ್ನುವುದು ನಮ್ಮ ವೃತ್ತಿಯ ನಿಯಮ. ಕಲಿಯುತ್ತಿದ್ದಾರೆ ಅಂತ ಪೇಷೆಂಟುಗಳಿಗೆ ಗೊತ್ತಾಗಬಾರದು ಅನ್ನುವುದು ಮೂಡಿಗೆರೆಯಲ್ಲಿ ಕ್ಲಿನಿಕ್ ಇಟ್ಟುಕೊಂಡ ನಾನು ಕಂಡುಕೊಂಡ ನಿಯಮ. ಗೊತ್ತಾದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ.

ತಿಂಗಳಿಗೊಂದು ಭಾನುವಾರ ಚಿಕ್ಕಮಗಳೂರಿನ ಹೋಟೆಲೊಂದರ ಹಾಲ್‌ನಲ್ಲಿ ನಮಗೆ ಕ್ಲಾಸು. ಬಿಪಿ, ಸಕ್ಕರೆ ಕಾಯಿಲೆ, ನೆಗಡಿ, ಜ್ವರ, ಹೀಗೆ ದಿನಬೆಳಗಾದರೆ ನೋಡುವ ಕಾಯಿಲೆಗಳ ಬಗ್ಗೆ ದೊಡ್ಡ ಊರಿನ ತಜ್ಞರು ಬಂದು ಹೊಸ ಪಾಠ ಹೇಳುತ್ತಾರೆ. ನಾನು ಹುಟ್ಟಾ ಅನುಮಾನದವಳು. ಪೇಷೆಂಟು 'ಮಾತ್ರೆ ತಗೊಂಡೆ' ಅಂದರೆ 'ಖಾಲಿ ಶೀಟು ತೋರ್ಸಿ' ಅನ್ನುವವಳು. ಈ ತಜ್ಞರನ್ನೂ ಮೊದಲಿಗೆ ಅರ್ಧ ಕಿವಿಯಲ್ಲೇ ಕೇಳುತ್ತಿದ್ದೆ. ಆದರೂ ತಪ್ಪಿಸದೆ ಹೋಗುತ್ತಿದ್ದುದಕ್ಕೆ ಒಂದು ಕಾರಣವಿತ್ತು. ಅದು ಗೌಡರ ಬಿಪಿ.

ಗೌಡರು ನಮ್ಮೂರಿನಾಚೆಯ ಕಾಫಿ ಎಸ್ಟೇಟಿನ ಯಜಮಾನರು. ಅವರ ಅಣ್ಣ ಕಾಫಿ ಒಣಗಿಸುವ ಕಣದಲ್ಲೇ ಲಕ್ವ ಹೊಡೆದು ಬಿದ್ದವರು. ಇವತ್ತಿಗೂ ಬಾಯಿ ವಾರೆ, ಮಾತು ಅರ್ಧ. ಅಣ್ಣನ ಬಿಪಿ ತಮ್ಮನಿಗೂ ಬಂದಿತ್ತು. ಗೌಡರ ಹೆಂಡತಿ ಒಮ್ಮೆ ನನ್ನ ಕೈ ಹಿಡಿದುಕೊಂಡು, "ಭಾವನವ್ರ ಗತಿ ಇವ್ರಿಗೆ ಬರ್ಬಾರ್ದು ಡಾಕ್ಟ್ರಮ್ಮ. ನಿಮ್ಮನ್ನೇ ನಂಬಿದೀನಿ" ಅಂದಿದ್ದರು. ಆ ಮಾತು ಎದೆಯಲ್ಲಿ ಕೂತುಬಿಟ್ಟಿತ್ತು.

ಗೌಡರಿಗೋ ಮಾತ್ರೆ ಮೇಲೆ ಅನುಮಾನ, ಮಿಷನ್ ಮೇಲೆ ಅನುಮಾನ, ನನ್ನ ಮೇಲೆ ಅವೆರಡಕ್ಕಿಂತ ಜಾಸ್ತಿ ಅನುಮಾನ. "ಆ ಪಟ್ಟೀನ ನೀವು ಬೇಕಂತ್ಲೇ ಬಿಗಿಯಾಗಿ ಕಟ್ತೀರಿ. ಅದ್ಕೇ ಜಾಸ್ತಿ ಬರೋದು" ಅನ್ನುತ್ತಿದ್ದರು. ಅವರ ಕಥೆಗೆ ಕೊನೆಯಲ್ಲಿ ಬರುತ್ತೇನೆ.

ಬಾಗಿಲ ಬೋರ್ಡು

ಮೊದಲ ಕ್ಲಾಸಿಗೆ ಹೊರಟಾಗ ಕ್ಲಿನಿಕ್ಕಿನ ಬಾಗಿಲಿಗೆ 'ಡಾಕ್ಟರು ತರಬೇತಿಗೆ ಹೋಗಿದ್ದಾರೆ' ಅಂತ ಬೋರ್ಡು ನೇತುಹಾಕಿ ಹೋದೆ. ಜನ ಮೆಚ್ಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಎದುರಿನ ದಿನಸಿ ಅಂಗಡಿ ಸಾಹುಕಾರರ ಹೆಂಡತಿ ಬಂದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ನಾನೇ ಕೊಟ್ಟಿದ್ದ ಮಂಡಿನೋವಿನ ಮಾತ್ರೆ. ಕುರ್ಚಿಯ ತುದಿಯಲ್ಲಿ ಕೂತು, "ಒಂದ್ ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬಾರ್ದು. ಆಗ ನೀವು ಪೂರ್ತಿ ಪಾಸಾಗಿರ್ಲಿಲ್ವಾ?" ಅಂದರು.

"ಪಾಸಾಗಿದ್ದೆ. ಇದು ಹೊಸ ವಿಷಯ ಕಲಿಯೋಕೆ."

"ಹಂಗಾದ್ರೆ ಈ ಮಾತ್ರೆ ಕಲಿಯೋಕೆ ಮುಂಚಿಂದಾ, ಕಲ್ತಾದ ಮೇಲಿಂದಾ?"

ಹೊರಗೆ ಬೆಂಚಿನಲ್ಲಿ ಕೂತವರೆಲ್ಲ ಕಿವಿ ನೆಟ್ಟಗೆ ಮಾಡಿದರು. ಇಬ್ಬರು ಎದ್ದೇ ಹೋದರು.

ನಮ್ಮ ಕಾಂಪೌಂಡರ್ ಹಳೇ ಕಾಲದವರು, ವ್ಯವಹಾರ ಬಲ್ಲವರು. "ಇದೆಲ್ಲ ನಂಗೆ ಬಿಡಿ ಮೇಡಂ" ಅಂದು ಮುಂದಿನ ತಿಂಗಳು ಬೋರ್ಡನ್ನು 'ಡಾಕ್ಟರು ಮದುವೆಗೆ ಹೋಗಿದ್ದಾರೆ' ಅಂತ ಬದಲಾಯಿಸಿದರು. ಯಾರೂ ತುಟಿ ಎರಡು ಮಾಡಲಿಲ್ಲ. ಅದರ ಮುಂದಿನ ತಿಂಗಳೂ ಮದುವೆ. ಆಗಲೂ ಎಲ್ಲರಿಗೂ ಸಮಾಧಾನ. ಕಲಿಯುವ ಡಾಕ್ಟರಿಗಿಂತ ಉಣ್ಣುವ ಡಾಕ್ಟರ ಮೇಲೆ ನಮ್ಮ ಜನಕ್ಕೆ ನಂಬಿಕೆ ಹೆಚ್ಚು.

ಆಮೇಲೆ ಆಷಾಢ ಬಂತು. ಕಾಂಪೌಂಡರಿಗೆ ಬೋರ್ಡು ನೆನಪಿತ್ತೇ ಹೊರತು ಪಂಚಾಂಗ ನೆನಪಿರಲಿಲ್ಲ. ಆಷಾಢದಲ್ಲಿ ಯಾರ ಮನೆಯಲ್ಲಿ ಮದುವೆ? ಊರೆಲ್ಲ ತಲೆ ಕೆಡಿಸಿಕೊಂಡಿತು. ಒತ್ತಾಯ ಮಾಡಿ ಕೇಳಿದವರಿಗೆ ಕಾಂಪೌಂಡರು ಬೆವರು ಒರೆಸಿಕೊಳ್ಳುತ್ತಾ, "ರಿಜಿಸ್ಟ್ರು ಮದ್ವೆ" ಅಂದುಬಿಟ್ಟಿದ್ದಾರೆ.

ಸೋಮವಾರ ಸಾಹುಕಾರರ ಹೆಂಡತಿ ನನ್ನ ಬೆನ್ನು ಸವರಿ, "ಬೇಜಾರು ಮಾಡ್ಕೋಬೇಡಿ ಡಾಕ್ಟ್ರಮ್ಮ. ಹುಡ್ಗಿ ಯಾವ ಜಾತಿಯಾದ್ರೇನು, ನಿಮ್ಮ ಮಗ ಸುಖವಾಗಿದ್ರೆ ಸಾಕು" ಅಂದು ಕಣ್ಣೊರೆಸಿಕೊಂಡರು.

ನನಗೆ ಗಂಡು ಮಕ್ಕಳೇ ಇಲ್ಲ.

ಜಾಮೂನಿನ ಪರೀಕ್ಷೆ

ಪೇಷೆಂಟುಗಳಿಗಿಂತ ಅನುಮಾನದವರು ಯಾರಾದರೂ ಇದ್ದರೆ ಅದು ಒಂದೇ ಹಾಲ್‌ನಲ್ಲಿ ಕೂತ ಡಾಕ್ಟರುಗಳು. ಪಾಠ ನಡೆಯುವಾಗ ಎಲ್ಲರೂ ತಜ್ಞರ ಕಡೆ ನೋಡುತ್ತಾರೆ. ಊಟದ ಹೊತ್ತಿಗೆ ಎಲ್ಲರೂ ಪಕ್ಕದವರ ತಟ್ಟೆ ನೋಡುತ್ತಾರೆ.

ಆವತ್ತು ಸಕ್ಕರೆ ಕಾಯಿಲೆಯ ಪಾಠ. ತಜ್ಞರು ಸಿಹಿಯನ್ನು ಬೈದು ಬೈದು ಗಂಟಲು ಒಣಗಿಸಿಕೊಂಡರು. ಪಾಠ ಮುಗಿದು ಊಟದ ಮೇಜಿಗೆ ಹೋದರೆ ಅಲ್ಲಿ ದೊಡ್ಡ ಪಾತ್ರೆಯ ತುಂಬ ಬಿಸಿ ಜಾಮೂನು. ಪಾಠದವರಿಗೂ ಅಡುಗೆಯವರಿಗೂ ಮಾತುಕತೆ ಆಗಿರಲಿಲ್ಲ.

ಯಾರೂ ಮುಂದೆ ಹೋಗಲಿಲ್ಲ. ನನ್ನ ಪಕ್ಕದಲ್ಲಿ ಕಳಸದ ಹಿರಿಯ ಡಾಕ್ಟರು ನಿಂತಿದ್ದರು. ಮೆಲ್ಲಗೆ ನನ್ನ ಕಿವಿಯಲ್ಲಿ, "ಸುಮ್ನೆ ನೋಡ್ತಾ ಇರಿ. ಯಾರು ಜಾಮೂನು ಬಿಟ್ಟು ಮುಂದೆ ಹೋಗ್ತಾರೋ ಅವ್ರಿಗೆ ಶುಗರ್ ಇದೆ ಅಂತ ಲೆಕ್ಕ. ನಾಳೆಯೊಳಗೆ ಜಿಲ್ಲೆಗೆಲ್ಲ ಸುದ್ದಿ" ಅಂದರು.

ಈ ಮಾತು ಬಿದ್ದದ್ದು ನನ್ನ ಕಿವಿಗೊಂದೇ ಅಲ್ಲ ಅಂತ ಕಾಣುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ಹಿಂದಿದ್ದ ಒಬ್ಬರು ನುಗ್ಗಿ ಬಂದು ಎರಡು ಹಾಕಿಸಿಕೊಂಡರು. ಅವರನ್ನು ನೋಡಿ ಇನ್ನೊಬ್ಬರು. ಆಮೇಲೆ ಸಾಲು ಸಾಲು. ಬೆಳಿಗ್ಗೆ ಸಕ್ಕರೆ ಹಾಕದ ಕಾಫಿ ಕೇಳಿ ಇಸಿದುಕೊಂಡವರು ಮೂರು ಹಾಕಿಸಿಕೊಂಡದ್ದನ್ನು ನಾನೇ ಕಣ್ಣಾರೆ ಕಂಡೆ. ಪಾತ್ರೆಯಲ್ಲಿ ಪಾಕ ಬಿಟ್ಟರೆ ಏನೂ ಉಳಿಯಲಿಲ್ಲ.

ಕೊನೆಗೆ ಜಾಮೂನು ಮುಟ್ಟದೆ ಮೊಸರನ್ನ ತಿಂದವರು ಒಬ್ಬರೇ, ಪಾಠ ಹೇಳಿದ ತಜ್ಞರು. ಅವರ ಆರೋಗ್ಯದ ಬಗ್ಗೆ ನಮಗೆಲ್ಲ ತುಂಬಾ ಕಳವಳವಾಯಿತು.

ಸೂಜಿ ಇಲ್ಲದ ಜ್ವರ

ಸಾಧಾರಣ ನೆಗಡಿ ಜ್ವರಕ್ಕೆ ಸೂಜಿ ಬೇಡ, ಆಂಟಿಬಯೋಟಿಕ್ ಬೇಡ, ತಾನಾಗಿ ಇಳಿಯುತ್ತದೆ ಅಂತ ಒಂದು ಭಾನುವಾರ ಪಾಠವಾಯಿತು. ಇದು ನನಗೂ ಒಪ್ಪಿಗೆಯಾದ ಮಾತು. ಸೋಮವಾರ ಬಂದವನು ಒಬ್ಬ ಜೀಪಿನ ಡ್ರೈವರ್, ಎಸ್ಟೇಟುಗಳಿಗೆ ಆಳುಗಳನ್ನು ಕರೆದುಕೊಂಡು ಹೋಗುವವನು. ಮೂಗು ಸೋರುತ್ತಿತ್ತು, ಮೈ ಬೆಚ್ಚಗಿತ್ತು. ಒಳಗೆ ಬಂದವನೇ ಸೂಜಿಗೆ ಅಂಗಿಯ ತೋಳು ಮಡಚಿ ನಿಂತ.

ನಾನು ಚೆನ್ನಾಗಿ ನೋಡಿ, ಎದೆಗೆ ಕಿವಿ ಕೊಟ್ಟು, ಬೆನ್ನು ತಟ್ಟಿ ಹೇಳಿದೆ: "ಸೂಜಿ ಬೇಡ, ಔಷಧ ಬೇಡ. ಮನೆಗೆ ಹೋಗು. ಬೇಕಾದ್ದು ತಿನ್ನು. ಮನೆಯವ್ರ ಜೊತೆ ಆರಾಮಾಗಿರು."

ಅವನ ಮುಖ ಬಿಳಿಚಿಕೊಂಡಿತು. ತೋಳು ಇಳಿಸಿ ಕೈ ಮುಗಿದು ಹೋದ. ಎಂಥ ವಿಧೇಯ ಪೇಷೆಂಟು ಅಂದುಕೊಂಡೆ.

ಸಂಜೆ ಅವನ ಹೆಂಡತಿ ಗೋಳೋ ಅಂತ ಅಳುತ್ತಾ ಬಂದಳು. ಹಿಂದೆ ಆಲ್ದೂರಿನಿಂದ ಬಸ್ಸು ಹತ್ತಿ ಬಂದ ಅವನ ಅಕ್ಕ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು, "ಮುಚ್ಚಿಡ್ಬೇಡಿ ಡಾಕ್ಟ್ರಮ್ಮ. ಇನ್ನೆಷ್ಟು ದಿನ ಅಂತ ಹೇಳ್ಬಿಡಿ" ಅಂದಳು.

"ಎಂಥದು? ಅವನಿಗೆ ನೆಗಡಿ!"

"ನಮ್ಮಪ್ಪನಿಗೂ ದೊಡ್ಡಾಸ್ಪತ್ರೆಲಿ ಹಿಂಗೇ ಹೇಳಿ ಕಳ್ಸಿದ್ದು. ಔಷಧ ಬೇಡ, ಮನೆಗೆ ಕರ್ಕೊಂಡೋಗಿ, ಬೇಕಾದ್ದು ತಿನ್ಸಿ ಅಂತ. ನಾವು ಮನೆ ಮುಟ್ಟೋದ್ರೊಳಗೆ..." ಮಾತು ಮುಗಿಸದೆ ಇಬ್ಬರೂ ಮತ್ತೆ ಅಳಲು ಶುರುಮಾಡಿದರು.

ಕಾಂಪೌಂಡರು ನನ್ನ ಕಡೆ ನೋಡಿ, "ಒಂದು ಬಿ-ಕಾಂಪ್ಲೆಕ್ಸ್ ಆದ್ರೂ ಚುಚ್ಚಿದ್ರೆ ಬದುಕ್ತಿದ್ದ" ಅಂದರು.

ಅಷ್ಟು ಹೊತ್ತಿಗೆ ಡ್ರೈವರ್ ಮನೆಯಲ್ಲಿ ಕೋಳಿ ಕೊಯ್ಯಿಸಿ ಊಟ ಮಾಡಿ, ಜೀಪನ್ನು ಬಾಮೈದನಿಗೆ ಒಪ್ಪಿಸಿಯೂ ಆಗಿತ್ತಂತೆ. ಎರಡು ದಿನಕ್ಕೆ ಜ್ವರ ಇಳಿಯಿತು, ಜೀಪನ್ನು ವಾಪಸು ತೆಗೆದುಕೊಂಡ. ಆ ಬಾಮೈದ ಮಾತ್ರ ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ.

ಮನೆಯಲ್ಲೇ ಬಿಪಿ

ಈಗ ಗೌಡರು. ಕೆಲವರಿಗೆ ಡಾಕ್ಟರ ಎದುರು ಕೂತರೆ ಸಾಕು, ಗಾಬರಿಗೆ ಬಿಪಿ ಏರುತ್ತದೆ, ಅಂಥವರ ಬಿಪಿಯನ್ನು ಮನೆಯಲ್ಲೇ ನೋಡಿಸಬೇಕು ಅಂತ ಕ್ಲಾಸಿನಲ್ಲಿ ಹೇಳಿದರು. ಗೌಡರಿಗೆ ಇದನ್ನು ಹೇಳಿದ್ದೇ ತಡ, ಅವರ ಮುಖ ಊರಗಲವಾಯಿತು.

"ನೋಡಿ! ನಂಗೆ ಕಾಯಿಲೆ ಇಲ್ಲ. ನೀವೇ ನನ್ನ ಕಾಯಿಲೆ."

"ಇರ್ಲಿ ಗೌಡ್ರೆ. ಒಂದು ಮಿಷನ್ ತಗೊಳ್ಳಿ. ದಿನಾ ಬೆಳಿಗ್ಗೆ ಆರಾಮಾಗಿ ಕೂತು ನೋಡಿ, ನಂಗೆ ಕಳ್ಸಿ." ಇಷ್ಟು ಹೇಳಿ ಸುಮ್ಮನಿದ್ದಿದ್ದರೆ ನಾನು ನಾನಾಗುತ್ತಿರಲಿಲ್ಲ. "ಬಾಯಲ್ಲಿ ಹೇಳೋದು ಬೇಡ. ಪಟ್ಟಿ ಕಟ್ಟಿದ ಕೈ, ಮಿಷನ್ನು, ಎರಡೂ ಕಾಣೋ ಹಾಗೆ ಫೋಟೊ ಬೇಕು" ಅಂದೆ. ಗೌಡರು ನನ್ನನ್ನು ಒಂದು ಥರಾ ನೋಡಿದರು.

ಫೋಟೊ ಬರತೊಡಗಿತು. ಕೈ ಇದೆ, ಮಿಷನ್ ಇದೆ, ಬಿಪಿ ಕ್ಲಿನಿಕ್ಕಿನಲ್ಲಿ ಇದ್ದುದಕ್ಕಿಂತ ಜಾಸ್ತಿ ಇದೆ. ಕೆಲವು ದಿನ ಕಾದು ನೋಡಿ ಮಾತ್ರೆ ಹೆಚ್ಚಿಸಿದೆ. ಬಿಪಿ ಇನ್ನೂ ಏರಿತು. ಇವರು ಮಾತ್ರೆ ನುಂಗುತ್ತಿಲ್ಲ, ಬಚ್ಚಲಿಗೆ ಉಗಿಯುತ್ತಿದ್ದಾರೆ ಅಂತ ನನಗೆ ಗ್ಯಾರಂಟಿ ಅನುಮಾನ. ಅವರ ಹೆಂಡತಿಗೆ ಫೋನ್ ಮಾಡಿ, "ನಿಮ್ಮ ಕೈಯಾರೆ ಬಾಯಿಗೆ ಹಾಕಿ, ನೀರು ಕುಡ್ಸಿ, ಬಾಯಿ ತೆಗೆಸಿ ನೋಡಿ" ಅಂದೆ. ಅವರು ಹಾಗೇ ಮಾಡಿದರು. ಬಿಪಿ ಮತ್ತೂ ಏರಿತು.

"ಗೌಡ್ರೆ, ಒಂದ್ಸಲ ಬಂದು ತೋರ್ಸಿ" ಅಂದರೆ, "ಬಂದ್ರೆ ನಿಮ್ಮನ್ನ ನೋಡಿ ಇನ್ನೂ ಏರುತ್ತಲ್ಲ. ನಿಮ್ಮ ಕ್ಲಾಸಲ್ಲೇ ಹೇಳಿದಾರಂತೆ!" ಕಲಿತ ಪಾಠ ನನ್ನ ತಲೆಗೇ ಹೊಡೆಯಿತು. ಮಾತ್ರೆ ಇನ್ನೊಂದಿಷ್ಟು ಹೆಚ್ಚಿಸಿದೆ.

ಕಾಫಿ ಕುಯ್ಲಿನ ಒಂದು ಬೆಳಿಗ್ಗೆ ಅವರ ಹೆಂಡತಿಯ ಫೋನು. "ಡಾಕ್ಟ್ರಮ್ಮ, ಇವ್ರು ಕಣದಲ್ಲಿ ಕುಸಿದು ಕೂತ್ರು. ಭಾವನವ್ರು ಬಿದ್ದ ಜಾಗದಲ್ಲೇ!"

ಕ್ಲಿನಿಕ್ ಹಾಗೇ ಬಿಟ್ಟು ಅದೇ ಡ್ರೈವರ್‌ನ ಜೀಪು ಹತ್ತಿದೆ. ದಾರಿಯುದ್ದಕ್ಕೂ ಕಣ್ಣ ಮುಂದೆ ಅವರಣ್ಣನ ವಾರೆಯಾದ ಬಾಯಿ. ನಿಮ್ಮನ್ನೇ ನಂಬಿದೀನಿ ಅಂದವರಿಗೆ ಏನು ಹೇಳಲಿ ಅಂತ ಅಳು ಬಂತು.

ಹೋಗಿ ನೋಡಿದರೆ ಗೌಡರನ್ನು ಜಗಲಿಯಲ್ಲಿ ಮಲಗಿಸಿದ್ದರು. ಬಾಯಿ ನೆಟ್ಟಗಿತ್ತು, ಕೈಕಾಲು ಆಡುತ್ತಿದ್ದವು, ಮಾತು ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. "ಎದ್ದು ನಿಂತ್ರೆ ಕಣ್ಣು ಕತ್ಲೆ ಬರುತ್ತೆ. ನಿಮ್ಮ ಮಾತ್ರೆಯಿಂದ್ಲೇ!" ನಾನು ನನ್ನ ಮಿಷನ್ ಕಟ್ಟಿ ನೋಡಿದೆ. ಬಿಪಿ ಪಾತಾಳದಲ್ಲಿತ್ತು. ಇನ್ನೊಂದು ಕೈಯಲ್ಲಿ ನೋಡಿದೆ, ಅಲ್ಲೂ ಅಷ್ಟೇ. ಕಾಲಡಿಗೆ ದಿಂಬು ಕೊಟ್ಟು, ಉಪ್ಪು ಹಾಕಿದ ಮಜ್ಜಿಗೆ ಕುಡಿಸಿ, ಜೀವ ಬಂದ ಮೇಲೆ ಕೇಳಿದೆ.

"ಇವತ್ತು ಬೆಳಿಗ್ಗೆ ಕಳ್ಸಿದ ಫೋಟೊದಲ್ಲಿ ಬಿಪಿ ಆಕಾಶದಲ್ಲಿತ್ತಲ್ಲ?"

ಗೌಡರು ಗೋಡೆ ಕಡೆ ಹೊರಳಿದರು.

"ನಿಮ್ಮ ಮಿಷನ್ ಕೆಟ್ಟಿರ್ಬೇಕು. ತರ್ಸಿ, ನೋಡೋಣ" ಅಂದೆ.

"ಬೇಡ ಬಿಡಿ, ಈಗ್ಯಾಕೆ..." ಗೌಡರು ಅನ್ನುವುದರೊಳಗೆ ಅವರ ಹೆಂಡತಿ ಹೊರಗೆ ಕೂಗಿದರು, "ರೈಟ್ರೇ, ಆಫೀಸಿಂದ ಬಿಪಿ ಮಿಷನ್ ತಗೊಂಡ್ಬನ್ನಿ!"

ರೈಟರು ಅಂದರೆ ಎಸ್ಟೇಟಿನ ಗುಮಾಸ್ತರು. ಮಳೆ ಅಳೆಯುವುದು, ಹಣ್ಣು ತೂಗುವುದು, ಅಳತೆ ಅನ್ನುವ ಕೆಲಸವೆಲ್ಲ ಅವರದೇ. ಸಣಕಲು ದೇಹದ ಆಸಾಮಿ ಮಿಷನ್ ಹಿಡಿದು ಓಡಿ ಬಂದರು. ನಮ್ಮ ಯಾರ ಮುಖವನ್ನೂ ನೋಡದೆ ಮೂಲೆಯ ಕುರ್ಚಿಯಲ್ಲಿ ಕೂತರು. ಅಂಗಿಯ ತೋಳು ಮಡಚಿದರು. ಪಟ್ಟಿಯನ್ನು ತಮ್ಮ ಕೈಗೇ ಕಟ್ಟಿಕೊಂಡು ಗುಂಡಿ ಒತ್ತಿದರು.

ಮಿಷನ್ನು ಗುಂಯ್ ಅಂತ ಶುರುವಾಯಿತು.

"ಎಂಥ ಮಾರಾಯ್ರೆ ಇದು?" ಅಂದೆ.

"ದಿನಾ ಹಿಂಗೇ ಅಮ್ಮ. ಗೌಡ್ರ ಅಪ್ಪಣೆ" ಅಂದರು ರೈಟರು.

ಗೌಡರು ಸಿಕ್ಕಿಬಿದ್ದ ಕಳ್ಳನ ಹಾಗೆ ಬಾಯಿಬಿಟ್ಟರು. "ಇವನು ಕಡ್ಡಿ ಥರ ಇದಾನೆ. ಇವನ ಬಿಪಿ ಕಮ್ಮಿ ಇರುತ್ತೆ, ಫೋಟೊ ನೋಡಿ ನೀವು ಮಾತ್ರೆ ನಿಲ್ಲಿಸ್ತೀರಿ ಅಂದ್ಕೊಂಡೆ. ಈ ಪುಣ್ಯಾತ್ಮನ ಬಿಪಿ ದಿನಾ ಏರೋದಾ! ಅವನ ಬಿಪಿ ಏರಿದ ಹಾಗೆಲ್ಲ ಇವಳು ನನ್ನ ಬಾಯಿಗೆ ಮಾತ್ರೆ ತುರುಕೋದಾ! ಇವಳ ಹತ್ರ ನಿಜ ಹೇಳೋ ಹಾಗೂ ಇಲ್ಲ."

"ನೋಡೋವಾಗ ನೀವೆಲ್ಲಿರ್ತಿದ್ರಿ?"

"ಎಲ್ಲಿ ಅಂದ್ರೆ? ಎದುರಿಗೇ ನಿಂತು ಬೈತಿದ್ದೆ, ಕಮ್ಮಿ ಮಾಡೋ ಅಂತ!"

ನನಗೆ ಬಂದ ಸಿಟ್ಟಿಗೆ ಗೌಡರಿಗೆ ಎರಡು ಬಿಡಬೇಕು ಅನ್ನಿಸಿತು. ಸತ್ತೇ ಹೋಗುತ್ತಿದ್ದಿರಿ ಅಂತ ಬಾಯಿಗೆ ಬಂದದ್ದೆಲ್ಲ ಬೈದೆ. ಆಮೇಲೆ ರೈಟರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ನೋಡಿದೆ. ಬಿಪಿ ಸರಿಯಾಗಿತ್ತು. ಜಗಲಿಗೆ ಕರೆತಂದು ಗೌಡರ ಎದುರು ಕೂರಿಸಿ ನೋಡಿದೆ. ಸರ್ರನೆ ಏರಿತು. ಡಾಕ್ಟರನ್ನು ನೋಡಿದರೆ ಬಿಪಿ ಏರುತ್ತದೆ ಅಂತ ಮಾತ್ರ ನಮ್ಮ ತಜ್ಞರಿಗೆ ಗೊತ್ತಿತ್ತು, ಯಜಮಾನರ ವಿಷಯ ಗೊತ್ತಿರಲಿಲ್ಲ.

ಗೌಡರ ಮಾತ್ರೆ ಇಳಿಸಿದೆ. ರೈಟರಿಗೆ ಮಾತ್ರೆ ಬೇಡ, ಗೌಡರಿಂದ ನಾಲ್ಕು ಮಾರು ದೂರ ಇದ್ದರೆ ಸಾಕು ಅಂದೆ. ಈಗ ದಿನಾ ಬೆಳಿಗ್ಗೆ ಗೌಡರ ಹೆಂಡತಿಯೇ ಗಂಡನ ಕೈಗೆ ಪಟ್ಟಿ ಕಟ್ಟಿ, ಸೊಂಟದ ಮೇಲೆ ಕೈ ಇಟ್ಟು ಎದುರಿಗೆ ನಿಂತು ಬಿಪಿ ನೋಡುತ್ತಾರೆ. ಫೋಟೊದಲ್ಲಿ ಗೌಡರ ಮುಖವೂ ಇರುತ್ತದೆ, ನನ್ನ ಹೊಸ ಕಾನೂನು. ಕಣದಲ್ಲಿ ಮತ್ತೆ ಕುಸಿದಿಲ್ಲ, ಚೆನ್ನಾಗಿದ್ದಾರೆ. ಬಿಪಿ ಮಾತ್ರ ಇರಬೇಕಾದ್ದಕ್ಕಿಂತ ಒಂದು ಚೂರು ಜಾಸ್ತಿಯೇ ಬರುತ್ತದೆ.

ಕಾರಣ ನನಗೆ ಗೊತ್ತು. ಆ ಹೊತ್ತಿಗೆ ಆಯಮ್ಮ ಸ್ವಲ್ಪ ಆಚೆ ಹೋಗಿ ನಿಂತರೆ ಸರಿಹೋಗುತ್ತದೆ. ಆದರೆ ಅದನ್ನು ಅವರಿಗೆ ಹೇಳುವಷ್ಟು ತರಬೇತಿ ನನಗೆ ಇನ್ನೂ ಆಗಿಲ್ಲ.