ಹಲ್ಲಿಗೆ ಕಾಡು ಕಟ್ಟಿಕೊಟ್ಟವರು

ಇಡೀ ಕೋಡಿ ಊರಿನಲ್ಲಿ ಹಲ್ಲಿಗೆ ಮನೆ ಕಟ್ಟಿಕೊಟ್ಟ ಗಂಡಸು ಯಾರಾದರೂ ಇದ್ದರೆ ಅದು ನಮ್ಮನೆಯವರು ಒಬ್ಬರೇ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಮನೆ ಅಂದರೆ ಬರೀ ಮನೆಯೂ ಅಲ್ಲ. ಸುತ್ತ ಗಾಜು, ಒಳಗೆ ಮಣ್ಣು, ಮರದ ಕೊಂಬೆ, ಬಳ್ಳಿ, ಪಾಚಿ, ಬೆಳಿಗ್ಗೆ ಸಂಜೆ ಮಳೆ! ನಮ್ಮ ಅಡುಗೆಮನೆಯ ಹಂಚು ಒಡೆದು ಎಷ್ಟು ಕಾಲವಾಯಿತೋ, ಅದನ್ನು ಬದಲಿಸಲು ಈ ಮನುಷ್ಯನಿಗೆ ಇವತ್ತಿಗೂ ಪುರುಸೊತ್ತಿಲ್ಲ. ನನ್ನ ಒಲೆಯ ಮೇಲೆ ಮಳೆ ಬಿದ್ದರೆ ಬೀಳಲಿ, ಹಲ್ಲಿಯ ತಲೆಯ ಮೇಲೆ ಮಾತ್ರ ಲೆಕ್ಕಾಚಾರ ಹಾಕಿ ಬೀಳಬೇಕು.

ನಮ್ಮ ಮನೆಯಲ್ಲಿ ಹಲ್ಲಿಗೆ ಬರಗಾಲವೇ? ಟ್ಯೂಬ್‌ಲೈಟಿನ ಹಿಂದೆ ಇವೆ, ದೇವರ ಪಟದ ಹಿಂದೆ ಇವೆ, ಒಂದು ಸಲ ಉಪ್ಪಿನಕಾಯಿ ಭರಣಿಯೊಳಗೂ ಇತ್ತು. ಆದರೆ ಇದು ಸಾಮಾನ್ಯ ಹಲ್ಲಿಯಲ್ಲವಂತೆ. ಗೆಕ್ಕೊ ಅಂತೆ! ಯಾವುದೋ ದೂರದ ದ್ವೀಪದ್ದು. ಕಣ್ಣಿನ ಮೇಲೆ ಮುಳ್ಳುಮುಳ್ಳು ಹುಬ್ಬು, ರೆಪ್ಪೆ ಇಲ್ಲ, ಕಣ್ಣಿಗೆ ಧೂಳು ಬಿದ್ದರೆ ಸ್ವಂತ ನಾಲಿಗೆ ಚಾಚಿ ನೆಕ್ಕಿಕೊಳ್ಳುತ್ತದೆ. ಬೆಳಿಗ್ಗೆ ಎದ್ದು ಚಾ ಕುಡಿಯುವ ಮೊದಲು ಇದನ್ನು ನೋಡಬೇಕಾದ ಹೆಂಗಸಿನ ಕಷ್ಟ ನಿಮಗೆ ಅರ್ಥವಾಗಬೇಕು.

ಅದನ್ನು ತಂದವಳು ನಮ್ಮ ಮಗಳು. ಉಡುಪಿಯಲ್ಲಿ ಕೆಲಸಕ್ಕಿದ್ದಾಗ ಯಾರ ಹತ್ತಿರವೋ ತೆಗೆದುಕೊಂಡು, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಂದಳು. ಆಮೇಲೆ ಅವಳಿಗೆ ಮದುವೆಯಾಯಿತು. ಹುಡುಗ ಹಟ್ಟಿಯಂಗಡಿಯವನು, ಮನೆಯವರು ಪೂಜೆ, ಮದುವೆಗಳಿಗೆ ಅಡುಗೆ ಮಾಡುವವರು, ಈರುಳ್ಳಿಗೂ ಯೋಚನೆ ಮಾಡುವ ಪೈಕಿ. ಅಂಥ ಮನೆಗೆ ಸೊಸೆಯೊಬ್ಬಳು ಜೀವಂತ ಮಿಡತೆಯ ಡಬ್ಬಿ ಹಿಡಿದುಕೊಂಡು ಹೋಗಿ, ‘ಅತ್ತೆ, ಇದು ನನ್ನ ಹಲ್ಲಿಯ ಊಟ’ ಅನ್ನಲಿಕ್ಕಾಗುತ್ತದೆಯೇ? ಹಾಗಾಗಿ ಮಗಳು ಹಟ್ಟಿಯಂಗಡಿಗೆ ಹೋದಳು, ಹಲ್ಲಿ ನನ್ನ ಪಾಲಿಗೆ ಉಳಿಯಿತು.

ನಮ್ಮನೆಯವರದು ಮೀನಿನ ವ್ಯಾಪಾರ. ಬೆಳಕು ಹರಿಯುವ ಮೊದಲೇ ದೋಣಿ ಬರುವಲ್ಲಿ ಹಾಜರು. ಹುಡುಗ ಬೇರೆ ಜಾತಿಯವನು ಅಂತ ಅವರು ಒಂದು ಮಾತೂ ಆಡಲಿಲ್ಲ, ಸಂತೋಷದಿಂದಲೇ ಧಾರೆ ಎರೆದುಕೊಟ್ಟರು. ಜಗಳ ಬಂದದ್ದು ಮೀನಿನಿಂದ. ಮದುವೆಯಾದ ಮೇಲೆ ಮಗಳು ಮೊದಲ ಸಲ ಮನೆಗೆ ಬರುತ್ತಾಳೆಂದು ಬಲೆಯಿಂದ ಬಿಡಿಸುವಾಗಲೇ ಒಳ್ಳೊಳ್ಳೆಯ ಕಾಣೆ ಮೀನು ಆರಿಸಿ ತೆಗೆದಿಟ್ಟಿದ್ದರು. ಖಾಯಂ ಗಿರಾಕಿ ಹೋಟೆಲಿನವನು ಬೇಡಿದರೂ ಕೊಡಲಿಲ್ಲ. ನಾನು ಹುರಿದು ಬಡಿಸಿದೆ. ಮಗಳು ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿ, “ಅಪ್ಪಯ್ಯ, ನಾ ಈಗ ಮೀನ್ ತಿಂತಿಲ್ಲೆ” ಅಂದಳು.

ಇವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು.

“ಎಂತ? ವಾಸನಿ ಬತ್ತಾ ಈಗ?” ಅಂದರು ಇವರು. “ಇದನ್ನೇ ಮಾರಿ ನಿನ್ನ ಓದ್ಸಿದ್ದ್.”

“ವಾಸನಿ ಅಂತ ನಾ ಹೇಳಿದ್ನಾ ಅಪ್ಪಯ್ಯ?”

“ಮತ್ತೆಂತಕ್ ಬಂದದ್ದ್ ಈ ಮನಿಗೆ?”

ಒಬ್ಬರು ಹಿತ್ತಲ ಬಾಗಿಲಿಂದ ಎದ್ದು ಹೋದರು, ಒಬ್ಬಳು ಮುಂದಿನ ಬಾಗಿಲಿಂದ. ಹುರಿದ ಕಾಣೆಯ ಮುಂದೆ ನಾನು ಮತ್ತು ಬೆಕ್ಕು. ಅವತ್ತು ನಿಂತ ಮಾತು ಮತ್ತೆ ಶುರುವಾಗಲಿಲ್ಲ. ಹಟದಲ್ಲಿ ಅಪ್ಪ ಮಗಳು ಇಬ್ಬರೂ ಒಂದೇ ಅಚ್ಚು, ನನ್ನ ಹಣೆಬರಹ.

ಮಾತು ನಿಂತರೂ ಹಲ್ಲಿ ಇದೆಯಲ್ಲ! ಇವರಿಗೆ ಅದರ ವಿಷಯ ಏನೂ ಗೊತ್ತಿಲ್ಲ. ಅದರ ಉಸ್ತುವಾರಿಗೆ ನಿಂತ ಮೊದಲ ದಿನ ಒಣ ಸಿಗಡಿ ಪುಡಿ ಮಾಡಿ ಇಟ್ಟರು. ಹಲ್ಲಿ ಮುಖ ತಿರುಗಿಸಿತು. “ಇದೂ ಮೀನ್ ತಿಂತಿಲ್ಯಾ!” ಅಂತ ಡಬ್ಬಿಯ ಮುಂದೆ ಕೂತು ಇವರು ಬಿಟ್ಟ ಉಸಿರು ಅಡುಗೆಮನೆಗೆ ಕೇಳಿತು. ಆಮೇಲೆ ನನ್ನ ಹತ್ತಿರ ಬಂದರು.

“ಹ್ವಾಯ್, ಅವ್ಳ್ ಹತ್ರ ಕೇಣ್. ಅದ್ ಎಂತದೂ ತಿನ್ಲಿಲ್ಲ.”

“ನೀವೇ ಕೇಣಿ. ಫೋನ್ ಇಲ್ಲೇ ಇತ್ತಲ.”

“ನಂಗೆಂತಕೆ ಅವ್ಳ್ ಫೋನ್? ಹಲ್ಲಿ ಸತ್ರೆ ದೋಷ ಮಾರಾಯ್ತಿ. ಅದ್ಕೆ ಕೇಂಬುದ್.”

ದಿನಾ ಬುಟ್ಟಿಗಟ್ಟಲೆ ಸತ್ತ ಮೀನು ಮಾರುವವರಿಗೆ ಹಲ್ಲಿಯ ದೋಷದ ಭಯ! ನಾನು ಫೋನು ಹಚ್ಚಿ ಕೇಳಿದೆ. “ಚರ್ಮ ಬಿಡು ಹೊತ್ತಿಗ್ ಅದ್ ತಿಂತಿಲ್ಲ ಅಮ್ಮಾ. ಹೆದ್ರುದ್ ಬೇಡ ಅಂತೇಳ್” ಅಂದಳು ಮಗಳು.

“ಯಾರಿಗ್ ಹೇಳುದ್?”

“ಅಲ್ಲಿದ್ದೋರಿಗೆ.”

ಅಲ್ಲಿದ್ದೋರು ಫೋನಿಗೆ ಕಿವಿ ತಾಗಿಸಿಕೊಂಡೇ ನಿಂತಿದ್ದರು. ಹೀಗೆ ಶುರುವಾಯಿತು ನೋಡಿ ನನ್ನ ಪೋಸ್ಟ್‌ಮನ್ ಕೆಲಸ. ಹಲ್ಲಿ ಬಾಲ ಅಲ್ಲಾಡಿಸಿದರೆ ಫೋನು, ಅಲ್ಲಾಡಿಸದಿದ್ದರೆ ಫೋನು. ಮಗಳೂ ಅಷ್ಟೇ. ಫೋನು ಎತ್ತಿದ ಕೂಡಲೇ “ಅದ್ ಉಂಡ್ತಾ?” ಅಂತ ಕೇಳುತ್ತಾಳೆ. ಹೊತ್ತು ಹೆತ್ತ ನಾನು ಉಂಡೆನೋ ಇಲ್ಲವೋ, ಮಂಡಿನೋವು ಹೇಗಿದೆಯೋ, ಆ ವಿಚಾರ ಇಬ್ಬರಲ್ಲಿ ಒಬ್ಬರಿಗೂ ಬೇಡ. ಮಂಡಿನೋವಿನ ಹೆಂಗಸಿಗೆ ಈ ಮನೆಯಲ್ಲಿ ಬೆಲೆ ಬರಬೇಕಾದರೆ ಕಣ್ಣು ನೆಕ್ಕಿಕೊಳ್ಳಲು ಕಲಿಯಬೇಕು.

ಹೋದ ಬೇಸಿಗೆಯಲ್ಲಿ ಮಗಳು ಒಂದು ಸುದ್ದಿ ಹೇಳಿದಳು. “ಅಮ್ಮಾ, ನಾವಿಬ್ರೂ ಬ್ರಹ್ಮಾವರದಲ್ಲಿ ಬಾಡಿಗೆ ಮನಿ ಮಾಡ್ತ್. ಇವ್ರಿಗ್ ಕೆಲ್ಸಕ್ ಹತ್ರ ಆತ್ತ್. ಮಳಿ ಹಿಡುಕ್ ಮುಂಚೆ ಬಂದ್ ಹಲ್ಲಿನ ತಕಂಡ್ ಹೋತೆ.”

ನನಗಾದ ಸಂತೋಷ! ಹಲ್ಲಿಯೂ ತೊಲಗುತ್ತದೆ, ಆ ನೆಪದಲ್ಲಿ ಮಗಳೂ ಹೊಸಿಲು ತುಳಿಯುತ್ತಾಳೆ. ಆದರೆ ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡ ನಮ್ಮನೆಯವರು ಅರ್ಧ ಚಾ ಹಾಗೇ ಬಿಟ್ಟು ಎದ್ದರು. ಮರುದಿನ ಕುಂದಾಪುರದ ಗಾಜಿನ ಅಂಗಡಿಗೆ ಹೋದರು. ಅದರ ಮರುವಾರ ಟೆಂಪೋದಲ್ಲಿ ಬಂತು ನೋಡಿ, ಕಪಾಟಿನಷ್ಟು ದೊಡ್ಡ ಗಾಜಿನ ಪೆಟ್ಟಿಗೆ! ಬಾಗಿಲಲ್ಲಿ ಹಿಡಿಯಲಿಲ್ಲ. ಬಾಗಿಲು ಕಳಚಿ, ಚೌಕಟ್ಟು ಕೆತ್ತಿ, ದೋಣಿ ಎಳೆಯುವ ಗಂಡಸರನ್ನು ಕರೆಸಿ ಒಳಗೆ ತಂದರು. ಚಾವಡಿಯಲ್ಲಿ ಟಿವಿ ಇದ್ದ ಜಾಗದಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿಸಿ ಕೂರಿಸಿದರು. ಟಿವಿ ಅಕ್ಕಿ ಡಬ್ಬಿಯ ಮೇಲೆ ಹೋಯಿತು.

“ಹೋಪ ಹಲ್ಲಿಗೆ ಈಗೆಂತಕೆ ಇದ್?” ಅಂದೆ.

“ಇಪ್ಪಷ್ಟ್ ದಿನ ಸಮಾ ಇರ್ಲಿ.”

ಇದು ಪ್ರೀತಿಯಲ್ಲ, ಹಗೆ ಅಂತಲೇ ನನ್ನ ಲೆಕ್ಕ. ನೀನು ಡಬ್ಬಿಯಲ್ಲಿಟ್ಟೆ, ನಾನು ಅರಮನೆಯಲ್ಲಿಟ್ಟೆ ಅಂತ ಮಗಳ ಮುಖಕ್ಕೆ ಹಿಡಿಯಲು ಈ ಸಿದ್ಧತೆ! ಅವಳು ಬಂದವಳು ಇದನ್ನು ನೋಡಿ ಇನ್ನಷ್ಟು ನೊಂದುಕೊಂಡು ಹೋದರೆ ಮತ್ತೆ ಈ ಕಡೆ ತಲೆ ಹಾಕಿಯಾಳೇ?

ನನ್ನ ಮಾತು ಯಾರು ಕೇಳುತ್ತಾರೆ? ಇವರು ಹುಡುಗುಪ್ರಾಯದಲ್ಲಿ ಮುಂಬಯಿಯಲ್ಲಿದ್ದವರು, ಹಿಂದಿ ಚೆನ್ನಾಗಿ ಬರುತ್ತದೆ. ಮೊಬೈಲಿನಲ್ಲಿ ಒಬ್ಬ ಹಿಂದಿಯವನು ಹಲ್ಲಿಗೆ ಕಾಡು ಮಾಡುವುದನ್ನು ಕಲಿಸುತ್ತಾನೆ. ಅವನು ಹೇಳಿದ್ದೇ ವೇದ. ಅಡಿಯಲ್ಲಿ ನೀರು ಬಸಿಯಲು ಒಡೆದ ಹಂಚಿನ ಚೂರು ಹಾಕಿದರು, ಮೇಲೆ ತೆಂಗಿನ ಗೆರಟೆಯ ಇದ್ದಿಲು, ಮಣ್ಣು ಕೆಳಗಿಳಿಯದಂತೆ ನಡುವೆ ಬಲೆಯ ತುಂಡು. ಪಕ್ಕದ ಮನೆಯ ದೋಣಿಯವರು ಇಣುಕಿ, “ಹ್ವಾಯ್, ಹಲ್ಲಿಗೂ ಬಲಿ ಬೀಸ್ತ್ರ್ಯಾ?” ಅಂತ ಕೇಳಿ ನಕ್ಕರು. ಇವರು ನಗಲಿಲ್ಲ. ಗೋಡೆಗೆ ಮೀನಿನ ಥರ್ಮಾಕೋಲ್ ಪೆಟ್ಟಿಗೆ ಕೆತ್ತಿ, ಗೋಂದು ಬಳಿದು, ತೆಂಗಿನ ನಾರಿನ ಪುಡಿ ಅಂಟಿಸಿ ಬಂಡೆ ಮಾಡಿದರು. ಎಷ್ಟು ತೊಳೆದರೂ ಆ ಬಂಡೆಗೆ ಬಂಗುಡೆ ಮೀನಿನ ವಾಸನೆ ಹೋಗಲೇ ಇಲ್ಲ.

ಒಂದು ದಿನ ಅಡುಗೆಮನೆಗೆ ಹೋದರೆ, ನಾನು ಕುಚ್ಚಲಕ್ಕಿ ಬೇಯಿಸುವ ಪಾತ್ರೆಯಲ್ಲಿ ಹಲಸಿನ ತರಗೆಲೆ ಕುದಿಯುತ್ತಿದೆ! ಕಾಡಿನ ನೆಲಕ್ಕೆ ಎಲೆ ಹಾಸಬೇಕಂತೆ, ಅದರಲ್ಲಿ ಇರುವೆ ಇರಬಾರದಂತೆ. ಅದಾದ ಮೇಲೆ ಹೂಕುಂಡ ಎತ್ತಿ ಎತ್ತಿ, ಮುಟ್ಟಿದರೆ ಉಂಡೆಯಾಗುವ ಸಣ್ಣ ಹುಳಗಳನ್ನು ಹಿಡಿದು ತಂದರು. ಅವು ಮಣ್ಣಿನಲ್ಲಿದ್ದು ಹಲ್ಲಿಯ ಹಿಕ್ಕೆ ತಿಂದು ಶುಚಿ ಮಾಡುತ್ತವಂತೆ. ಹಲ್ಲಿಯ ಕಕ್ಕಸಿಗೆ ಆಳುಗಳ ನೇಮಕವಾಯಿತು, ನಮ್ಮ ಮನೆಯದ್ದಕ್ಕೆ ನಾನು ಇದ್ದೇ ಇದ್ದೇನೆ!

ಇನ್ನು ಪಾಚಿ. ನಮ್ಮ ಬಾವಿಕಟ್ಟೆಯ ಸುತ್ತ ಬೇಕಾದಷ್ಟಿದೆ. ಇವರು ಸ್ಕೂಟರ್ ಹತ್ತಿ ಹಟ್ಟಿಯಂಗಡಿಗೆ ಹೋದರು.

“ಅಲ್ಲಿಗ್ ಎಂತಕೆ?” ಅಂದೆ.

“ಅಲ್ಲಿನ ಪಾಚಿ ಲಾಯ್ಕಿತ್.”

ಮಧ್ಯಾಹ್ನದ ಬಿಸಿಲಲ್ಲಿ ಒಂದು ಚೀಲ ಪಾಚಿ ಹಿಡಿದು ವಾಪಸು ಬಂದರು. “ಅವ್ಳ್ ಮನಿಗ್ ಹೋದ್ರ್ಯಾ?” ಅಂತ ಆಸೆಯಿಂದ ಕೇಳಿದರೆ, “ನಾ ಪಾಚಿಗ್ ಹೋದ್ದ್” ಅಂದರು. ಮಗಳ ಮನೆಯ ಬೀದಿಯ ತನಕ ಹೋಗಿ ಪಾಚಿ ಕೆರೆದುಕೊಂಡು ಬರುವವರಿಗೆ ಏನನ್ನುತ್ತೀರಿ? ಅವತ್ತು ನಾನು ಬಾಯಿಗೆ ಬಂದಂತೆ ಬೈದೆ. ಅವರು ಪಾಚಿಗೆ ನೀರು ಚಿಮುಕಿಸುತ್ತಾ ಕೂತರು.

ಬೇಸಿಗೆ ಏರಿತು. ಹಲ್ಲಿಗೆ ಸೆಕೆ ಆಗಬಾರದಂತೆ, ಸತ್ತೇ ಹೋಗುತ್ತದಂತೆ. ಸರಿ, ಮೀನಿಗೆ ತರುವ ಐಸಿನಲ್ಲಿ ಪಾಲು ತಂದು ಪೆಟ್ಟಿಗೆಯ ತಲೆಯ ಮೇಲೆ ಇಟ್ಟರು. ನಾನು ಬೀಸಣಿಗೆ ಹಿಡಿದುಕೊಂಡು ಬೆವರುತ್ತಾ ಅದನ್ನು ನೋಡಿದೆ. ಬಾವಿಯಲ್ಲಿ ನೀರು ತಳ ಕಂಡಿತ್ತು, ಚಾವಡಿಯ ಕಾಡಿನಲ್ಲಿ ಮಾತ್ರ ಇವರ ಸ್ಪ್ರೇ ಬಾಟಲಿಯ ಮಳೆ ತಪ್ಪಲಿಲ್ಲ. ನಮ್ಮ ಬಡ ಹಲ್ಲಿಗಳು ರಾತ್ರಿಯಾದರೆ ಬಂದು ಹೊರಗಿನಿಂದ ಗಾಜಿಗೆ ಅಂಟಿಕೊಂಡು ಒಳಗೆ ನೋಡುತ್ತಿದ್ದವು. ಅವುಗಳ ಸಂಕಟ ನನಗೆ ಚೆನ್ನಾಗಿ ಗೊತ್ತು.

ಕೊನೆಗೆ ಮಗಳು ಬರುವ ದಿನ ಬಂತು. ಅಳಿಯ ಅಂಗಳದಲ್ಲೇ ಬೈಕಿನ ಹತ್ತಿರ ನಿಂತ. ಅವಳು ಖಾಲಿ ಡಬ್ಬಿ ಹಿಡಿದು ಒಳಗೆ ಬಂದಳು, ಸ್ವಲ್ಪ ಇಳಿದಿದ್ದಾಳೆ ಅನಿಸಿತು. ಇವರು ಬೆನ್ನು ತಿರುಗಿಸಿ ಒರೆಸಿದ ಗಾಜನ್ನೇ ಒರೆಸುತ್ತಿದ್ದರು. ಅವಳು ಗಾಜಿನ ಮುಂದೆ ನಿಂತಳು. ಒಳಗೆ ಪಾಚಿ ಹಸಿರಾಗಿ ಹಬ್ಬಿತ್ತು, ಜರಿಗಿಡ ಹೊಸ ಸುರುಳಿ ಬಿಚ್ಚುತ್ತಿತ್ತು, ಎಲೆಯೊಂದರ ಮೇಲೆ ಹಲ್ಲಿ ನಿದ್ದೆ ಹೋಗಿತ್ತು. ಅವಳು ತುಂಬ ಹೊತ್ತು ನೋಡಿದಳು. ಈಗ ಜಗಳ ಹತ್ತಿಕೊಳ್ಳುತ್ತದೆ ಅಂತ ನಾನು ಇಬ್ಬರ ನಡುವೆ ಹೋಗಿ ನಿಂತೆ.

“ಹ್ವಾಯ್, ಅವ್ಳಿಗ್ ಹೇಳ್” ಅಂದರು ಇವರು ನನ್ನ ಕಡೆ ನೋಡಿ. “ಗಿಡದ ಬೇರ್ ಈಗಷ್ಟೇ ಹಿಡ್ದಿತ್. ಈಗ ಎಂತದೂ ಅಲ್ಲಾಡ್ಸುಕಾಗ.”

ನನ್ನ ಸಹನೆಯೂ ಅಲ್ಲಿಗೆ ಮುಗಿಯಿತು. “ನಾ ಹೇಳುದಿಲ್ಲ! ನಿಮ್ಗ್ ಬಾಯಿ ಇಲ್ಯಾ? ನೀವ್ ಅಪ್ಪ ಮಗ್ಳ್ ಎಂತ ಬೇಕಾರೂ ಮಾಡ್ಕಣಿ” ಅಂದು ಬಾಗಿಲ ಹತ್ತಿರ ಹೋಗಿ ನಿಂತೆ.

ಆಮೇಲೆ ಮಗಳೇ ಗಾಜಿನ ಬಾಗಿಲು ಸರಿಸಿ ಕೈ ಒಳಗಿಟ್ಟಳು. “ಗಿಡ ಎಲ್ಲ ಇಲ್ಲೇ ಇರ್ಲಿ. ನಾ ಅದನ್ನ ಮಾತ್ರ ತಕಂಡ್ ಹೋತೆ” ಅಂದಳು, ಯಾರನ್ನೂ ನೋಡದೆ.

ಇವರ ಕೈಯಲ್ಲಿದ್ದ ಬಟ್ಟೆ ನಿಂತಿತು.

“ಮಗಾ” ಅಂದರು. ಎಷ್ಟು ಕಾಲದ ಮೇಲೆ ಆ ಶಬ್ದ! “ಅದ್ ಹೋದ್ರೆ, ಮತ್ತ್ ನೀ ಎಂತಕೆ ಫೋನ್ ಮಾಡ್ತೆ?”

ಮಗಳ ಕೈ ಗಾಜಿನೊಳಗೇ ಉಳಿಯಿತು. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಮಗಳ ಫೋನು ನಿಲ್ಲಬಾರದು ಅಂತ ಈ ಮನುಷ್ಯ ಮನೆಯೊಳಗೆ ಕಾಡು ಬೆಳೆಸಿದ್ದರು, ದಿನಾ ಪಕ್ಕದಲ್ಲಿದ್ದ ನನಗೆ ಅದು ಗೊತ್ತಾಗಲಿಲ್ಲ. ಗೊತ್ತಾಗುವ ಹಾಗೆ ಅವರಾದರೂ ಒಂದು ಮಾತು ಹೇಳಿದರೇ?

ಅವಳು ಕೈಯನ್ನು ಹೊರಗೆ ತೆಗೆದಳು. ಗಾಜು ಮುಚ್ಚಿ, ಡಬ್ಬಿಯನ್ನು ಕಟ್ಟೆಯ ಮೂಲೆಗೆ ತಳ್ಳಿದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ಮಣ್ಣಿನ ಕಡೆ ಬೆರಳು ತೋರಿಸಿದಳು.

“ಇಲ್ಲ್ ನೀರ್ ಹೆಚ್ಚಾಯ್ತ್ ಅಪ್ಪಯ್ಯ. ಇಷ್ಟ್ ಚಂಡಿ ಮಾಡ್ರೆ ಬೇರ್ ಕೊಳಿತ್ತ್. ಬಪ್ಪ ಆಯ್ತವಾರ ಬಂದ್ ನಾನೇ ಸಮಾ ಮಾಡ್ತೆ.”

“ಬಾ” ಅಂದರು ನಮ್ಮನೆಯವರು. ನನ್ನ ಹತ್ತಿರ ಅಲ್ಲ, ಅವಳ ಹತ್ತಿರವೇ.