ತೋಟಾದೊಳಗಿನ ಅಕ್ಕಿಕಾಳು

ಇಂಥವೆಲ್ಲ ನಮ್ಮ ಮನೆಯಲ್ಲೇ ಯಾಕೆ ನಡೆಯುತ್ತವೋ ಎಂದು ಮೊದಲೆಲ್ಲ ಆಶ್ಚರ್ಯಪಡುತ್ತಿದ್ದೆ. ನಮ್ಮತ್ತೆ ಮೂರು ತಿಂಗಳಿಗೆಂದು ಮೈಸೂರಿನಿಂದ ಡಬ್ಲಿನ್ನಿಗೆ ಬಂದು, ವಿಮಾನ ನಿಂತು, ಅಲ್ಲಿನ ಕ್ಯಾಸಲ್‌ನಾಕ್ ಬಡಾವಣೆಯ ನಮ್ಮ ಮನೆಯಲ್ಲೇ ಸಿಕ್ಕಿಹಾಕಿಕೊಂಡ ಮೇಲೆ ಆಶ್ಚರ್ಯಪಡುವುದನ್ನು ಬಿಟ್ಟೆ.

ಆ ಕೊರೊನಾ ವರ್ಷ ಊರಿನವರೆಲ್ಲ ಬ್ರೆಡ್ ಮಾಡಲು ಕಲಿತರು. ನನ್ನ ಹುಚ್ಚು ಬೇರೆ. ನಾನು ಗುರಿ ಹೊಡೆಯುವ ಕ್ಲಬ್ಬಿನ ಸದಸ್ಯೆ. ಹಾರಿಸಿದ ಗುಂಡಿನ ಹಿತ್ತಾಳೆ ಕವಚ, ಅಂದರೆ ಖಾಲಿ ತೋಟಾ, ಅಲ್ಲಿ ಯಾರೂ ಬಿಸಾಡುವುದಿಲ್ಲ. ತೊಳೆದು ಮತ್ತೆ ಮದ್ದು ತುಂಬುತ್ತಾರೆ. ತುಂಬುವುದೇನಿದ್ದರೂ ಕ್ಲಬ್ಬಿನಲ್ಲೇ, ಪರವಾನಗಿ ಇರುವ ಒಬ್ಬ ಐರಿಷ್ ಹಿರಿಯರ ಕಣ್ಣೆದುರಿಗೇ. ಅವರನ್ನು ನಮ್ಮ ಮನೆಯಲ್ಲಿ ಅಜ್ಜ ಅನ್ನುತ್ತಿದ್ದೆವು. ಮದ್ದು ತುಂಬುವುದನ್ನು ಕಲಿಸುವ ಅಜ್ಜನ ಮುಂದಿನ ತರಗತಿಯಲ್ಲಿ ಒಂದೇ ಒಂದು ಜಾಗ ಉಳಿದಿತ್ತು. ಒಂದು ಡಬ್ಬ ಕೊಳಕು ತೋಟಾ ತಂದು ನಮ್ಮ ಗೇಟಿನ ಬಳಿ ಇಟ್ಟು, ದೂರ ನಿಂತು ಹೇಳಿದರು: "ತೊಳೆದು ಕೊಡು. ಚೆನ್ನಾಗಿದ್ದರೆ ಜಾಗ ನಿನ್ನದು. ಇಲ್ಲದಿದ್ದರೆ ಕಾಯ್ತಿರೋರು ಬೇರೆ ಇದ್ದಾರೆ."

ಆ ಜಾಗ ನನಗೆ ಬೇಕೇ ಬೇಕಿತ್ತು. ಬೆಳಗಿನಿಂದ ಸಂಜೆವರೆಗೆ ಲ್ಯಾಪ್‌ಟಾಪ್ ಮುಖವನ್ನೇ ನೋಡುತ್ತಿದ್ದವಳಿಗೆ ಆಸೆಪಡಲು ಉಳಿದಿದ್ದದ್ದು ಅದೊಂದೇ.

೧. ಹುಣಸೆಹಣ್ಣು

ಹಿತ್ತಾಳೆ ಅಂದಮೇಲೆ ಹುಣಸೆಹಣ್ಣು. ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಳೇ ಬಕೆಟ್ಟಿನಲ್ಲಿ ಹುಳಿನೀರು ಮಾಡಿ ತೋಟಾಗಳನ್ನು ಮುಳುಗಿಸಿದೆ. ಆಮೇಲೆ ಆಫೀಸು, ಊಟ, ನಿದ್ದೆ. ಬೆಳಿಗ್ಗೆ ನೋಡಿದರೆ ಅಷ್ಟೂ ತೋಟಾ ಗುಲಾಬಿ ಬಣ್ಣಕ್ಕೆ ತಿರುಗಿವೆ.

ಅತ್ತೆ ಬಕೆಟ್ಟಿಗೆ ಬಗ್ಗಿ ನೋಡಿದರು. "ದೇವರ ಪಾತ್ರೆಗೆ ಹುಣಸೆಹಣ್ಣು ಹಚ್ಚಿ, ಉಜ್ಜಿ, ತೊಳೆದುಬಿಡ್ತಾರೆ ಕಣೇ. ರಾತ್ರಿಯೆಲ್ಲಾ ಯಾರಾದ್ರೂ ನೆನೆಹಾಕ್ತಾರಾ? ಅದೇನು ಉದ್ದಿನಬೇಳೆನಾ?"

ವಿಡಿಯೋ ಕಾಲಿನಲ್ಲಿ ಅಜ್ಜನಿಗೆ ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡು ಎರಡನೇ ಸಲ ನೋಡಿದರು. "ಹುಳಿ ಹಿತ್ತಾಳೆಯನ್ನೇ ತಿಂದಿದೆ. ಇವನ್ನು ಎಸೀಬೇಕು. ಇನ್ನೊಂದು ಡಬ್ಬ ಕೊಡ್ತೀನಿ, ಅದೇ ಕೊನೆ."

ನನಗೆ ಅಳುವೇ ಬಂತು. ಅದನ್ನು ಕಂಡು ಅಜ್ಜ ಸಮಾಧಾನ ಮಾಡಿದರು: "ಎಸೆಯೋ ಮುಂಚೆ ಒಂದು ಇಟ್ಟಿರು. ನನ್ನ ಹೆಂಡತಿ ಅಡುಗೆಮನೆ ಗೋಡೆಗೆ ಇದೇ ಬಣ್ಣ ಹುಡುಕ್ತಿದ್ದಾಳೆ."

೨. ಸೋನಾಮಸೂರಿ

ತೊಳೆದ ತೋಟಾಗಳನ್ನು ಒಂದು ಪುಡಿಯ ಜೊತೆ ಕುಲುಕಿದರೆ ಹೊಳಪು ಬರುತ್ತದೆ. ಪುಡಿ ಆರ್ಡರ್ ಮಾಡಿದ್ದೆ, ಅದು ಎಲ್ಲಿ ಕ್ವಾರಂಟೈನ್ ಆಗಿತ್ತೋ, ಬರಲೇ ಇಲ್ಲ. ಅಕ್ಕಿಯಾದರೂ ನಡೆಯುತ್ತದೆ ಎಂದು ಎಲ್ಲೋ ಓದಿ, ಖಾಲಿ ಬಿಸ್ಕತ್ ಡಬ್ಬಿಗೆ ತೋಟಾ ಹಾಕಿ, ಮೇಲೆ ಅತ್ತೆಯ ಸೋನಾಮಸೂರಿ ಸುರಿದೆ. ಆಫೀಸಿನ ಮೀಟಿಂಗ್ ನಡೆಯುವಾಗ ಮೇಜಿನ ಕೆಳಗೆ ಕುಲುಕುತ್ತಾ ಕೂತೆ. ಮ್ಯೂಟ್ ಮಾಡಲು ಮರೆತಿದ್ದೆ.

"ಅದೇನು ಸದ್ದು?" ಎಂದರು ಮ್ಯಾನೇಜರ್.

"ನಮ್ಮ ಯಜಮಾನರು ಅಕ್ಕಿ ಆರಿಸ್ತಿದ್ದಾರೆ" ಎಂದುಬಿಟ್ಟೆ.

ಅದೇ ಗಳಿಗೆಗೆ ನಮ್ಮ ಯಜಮಾನರು ನನ್ನ ಬೆನ್ನ ಹಿಂದೆ ಕಾಫಿ ಹಿಡಿದು ಪ್ರತ್ಯಕ್ಷರಾಗಿ, ಕ್ಯಾಮೆರಾಕ್ಕೆ ಕೈಬೀಸಿ, ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲೇ ಅಂದರು: "ಗುಂಡುಗಳೆಲ್ಲ ಹೊಳೀತಿವೆಯಾ?"

ಆ ವಾರ ನಾನು ಕೇಳಿದ ರಜೆಯನ್ನೆಲ್ಲ ಮ್ಯಾನೇಜರ್ ಮರುಮಾತಿಲ್ಲದೆ ಕೊಟ್ಟರು.

ಹೊಳಪೇನೋ ಬಂತು. ಆದರೆ ತೋಟಾದ ತಳದ ಸಣ್ಣ ತೂತಿಗೆ ಅಕ್ಕಿಕಾಳು ಸಿಕ್ಕಿಕೊಂಡಿತ್ತು, ಒಂದೊಂದಕ್ಕೂ. ಅಜ್ಜ ಫೋನಿನಲ್ಲಿ ಗುಡುಗಿದರು: "ಒಂದೇ ಒಂದು ಕಾಳು ಒಳಗೆ ಕಂಡರೂ ಜಾಗ ಇನ್ನೊಬ್ಬರಿಗೆ!" ಹೇರ್‌ಪಿನ್ನಿನಿಂದ ಒಂದೊಂದೇ ತೆಗೀತೀನಿ ಎಂದು ಅವರಿಗೆ ಮಾತು ಕೊಟ್ಟು ಕೂತೆ. ಮುಗಿಯುವಷ್ಟರಲ್ಲಿ ಬೆರಳು ಊದಿ ಬೋಂಡಾ ಆಗಿತ್ತು.

"ತಿನ್ನೋ ಅಕ್ಕಿ" ಎಂದು ಅತ್ತೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

೩. ಕಾವಲು

ಮತ್ತೊಮ್ಮೆ ತೊಳೆದದ್ದಾಯಿತು. ಅಪರೂಪಕ್ಕೆ ಬಿಸಿಲು ಬಂದಿತ್ತು. ಮುಂದಿನ ಅಂಗಳದಲ್ಲಿ ಹಳೇ ಪಂಚೆ ಹಾಸಿ ತೋಟಾಗಳನ್ನು ಒಣಗಲು ಹರಡಿದೆ. ಅಂಗಳದಲ್ಲಿ ಸಾಲಾಗಿ ಏನಾದರೂ ಒಣಗುತ್ತಿದ್ದರೆ ಅತ್ತೆಗೆ ಸುಮ್ಮನಿರಲಾಗುವುದಿಲ್ಲ. ಕೋಪ ಮರೆತು, ಕುರ್ಚಿ ಹಾಕಿಕೊಂಡು, ಕೊಡೆ ಹಿಡಿದು, ಸಂಡಿಗೆ ಕಾಯುವವರ ಹಾಗೆ ಕೂತರು.

ಕಾಗೆ ಬರಲಿಲ್ಲ. ಕಪ್ಪುಬಿಳುಪಿನ ಮ್ಯಾಗ್‌ಪೈ ಹಕ್ಕಿ ಬಂದು, ಹೊಳೆಯುವ ತೋಟಾ ಒಂದನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹಾರಿತು. "ಹುಶ್! ಹುಶ್!" ಎನ್ನುತ್ತಾ ಅತ್ತೆ ಸೀರೆ ಎತ್ತಿ ಕಟ್ಟಿ, ಕೊಡೆ ಬೀಸಿಕೊಂಡು ರಸ್ತೆಯುದ್ದಕ್ಕೂ ಓಡಿದರು. ಹಕ್ಕಿ ಹೆದರಿ ತೋಟಾ ಬೀಳಿಸಿತು. ಅಲ್ಲೇ ಬರುತ್ತಿದ್ದ ಗಾರ್ಡಾ, ಅಂದರೆ ಪೊಲೀಸರ ಕಾರೂ ನಿಂತಿತು. ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂಬ ಕಾನೂನಿನ ಕಾಲ ಅದು.

"ಎಲ್ಲಾ ಗ್ರ್ಯಾಂಡಾ?" ಎಂದು ಕೇಳಿದರು ಪೊಲೀಸಿನವರು. ಐರಿಷರ ಬಾಯಲ್ಲಿ ಗ್ರ್ಯಾಂಡ್ ಅಂದರೆ ಎಲ್ಲ ಸರಿಯಾಗಿದೆ ಎಂದರ್ಥ.

ಅತ್ತೆ ತೋಟಾವನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡು, ಹಿಂದೆಯೇ ಓಡಿಬಂದ ನನಗೆ ಹೇಳಿದರು: "ನಾನು ಐದು ಕಿಲೋಮೀಟರ್ ಓಡಿಲ್ಲ ಅಂತ ಹೇಳೇ ಅವರಿಗೆ! ಹಕ್ಕಿದು ನಂಗೊತ್ತಿಲ್ಲ."

೪. ಅಕ್ಷತೆ

ಅಷ್ಟರಲ್ಲಿ ಆಯುಧಪೂಜೆ ಬಂತು. ಅತ್ತೆ ಕಾರಿಗೆ, ಲ್ಯಾಪ್‌ಟಾಪಿಗೆ, ವೈಫೈ ಪೆಟ್ಟಿಗೆಗೆ, ಕೊನೆಗೆ ಸ್ಯಾನಿಟೈಸರ್ ಬಾಟಲಿಗೂ ಕುಂಕುಮ ಹಚ್ಚಿದರು. ನನ್ನ ಡಬ್ಬವನ್ನೂ ಎತ್ತಿಕೊಂಡು ಹೋದರು.

"ಅದು ಬೇಡ ಅತ್ತೆ, ನಾಳೆ ಅಜ್ಜ ನೋಡೋಕೆ ಬರ್ತಾರೆ."

"ಇಷ್ಟು ವರ್ಷ ಸ್ಕ್ರೂಡ್ರೈವರ್‌ಗೆ ಪೂಜೆ ಮಾಡಿದ್ದೀನಿ. ಆಯುಧ ಅನ್ನೋ ಮಾತಿಗೆ ಹತ್ತಿರದ್ದು ಈಗ ಸಿಕ್ಕಿದೆ. ಬಿಡ್ತೀನಾ?"

ಮರುದಿನ ಬೆಳಿಗ್ಗೆ ಡಬ್ಬದ ಹೊರಗಿನ ಕುಂಕುಮ ಒರೆಸಿ, ಬಾಗಿಲಾಚೆ ಇಟ್ಟು, ಎರಡು ಮೀಟರ್ ಹಿಂದೆ ಸರಿದು ನಿಂತೆ. ಅಜ್ಜ ಮಾಸ್ಕ್ ಏರಿಸಿಕೊಂಡು ಮುಚ್ಚಳ ತೆರೆದರು. ಹೊಳಪು ನೋಡಿ ಅವರ ಹುಬ್ಬು ಮೇಲೇರಿತು. ಅವರು ಒಂದು ತೋಟಾ ಎತ್ತಿ ಅಂಗೈ ಮೇಲೆ ಬೋರಲು ಹಾಕಿದರು.

ಅರಿಶಿನ ಹಚ್ಚಿದ ಮೂರು ಅಕ್ಕಿಕಾಳು ಬಿದ್ದವು.

ಇನ್ನೊಂದು ಎತ್ತಿದರು. ಅದರಿಂದ ಐದು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ಮತ್ತೆ ಅಕ್ಕಿ" ಎಂದರು ಅಜ್ಜ. "ಈ ಸಲ ಹಳದಿ."

"ಇದು ಆ ಅಕ್ಕಿ ಅಲ್ಲ, ದೇವರ ಅಕ್ಕಿ" ಎಂದು ತೊದಲಿದೆ. ಹಿಂದಿನಿಂದ ಅತ್ತೆ ತಮ್ಮ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು: "ದಟ್ ರೈಸ್, ಈಟಿಂಗ್. ದಿಸ್ ರೈಸ್, ಬ್ಲೆಸ್ಸಿಂಗ್."

ಅಜ್ಜ ಅಂಗೈಯ ಕಾಳುಗಳನ್ನು ಬೆರಳಿನಿಂದ ಸರಿಸಿ ನೋಡಿದರು. ಆಮೇಲೆ ಅಂದರು: "ಪಾದ್ರಿ ಬಂದು ನಮ್ಮಪ್ಪನ ಟ್ರ್ಯಾಕ್ಟರ್ ಮೇಲೆ ತೀರ್ಥ ಚಿಮುಕಿಸ್ತಿದ್ದರು. ಈ ವರ್ಷ ಹತ್ತಿರ ಬಂದು ಆಶೀರ್ವಾದ ಮಾಡೋರೇ ಇಲ್ಲ."

"ಹತ್ತಿರ ಯಾಕೆ ಬರಬೇಕು?" ಎಂದರು ಅತ್ತೆ, ನಾನು ಅನುವಾದಿಸಿದ ಮೇಲೆ. "ಎರಡು ಮೀಟರ್ ದೂರದಿಂದ ಮಾಡೋ ಆಶೀರ್ವಾದ ಇದೊಂದೇ. ಟೋಪಿ ತೆಗೆಯೋಕೆ ಹೇಳು."

ಅಜ್ಜ ಟೋಪಿ ತೆಗೆದು ತಲೆ ಬಗ್ಗಿಸಿದರು. ಅತ್ತೆ ಹೊಸ್ತಿಲಲ್ಲೇ ನಿಂತು, ಬಟ್ಟಲಿನಿಂದ ತುಂಬು ಹಿಡಿ ಅಕ್ಷತೆ ತೆಗೆದು, ಮದುವೆಮನೆಯ ಹುರುಪಿನಲ್ಲಿ ಎಸೆದರು. ಅರ್ಧ ಅಜ್ಜನ ಬಕ್ಕತಲೆಯ ಮೇಲೆ ಬಿತ್ತು. ಉಳಿದರ್ಧ ಅವರ ಕಾಲಬಳಿ ತೆರೆದಿದ್ದ ಡಬ್ಬದೊಳಕ್ಕೆ.

ಅಜ್ಜ ತಲೆಯೆತ್ತಿದರು. ಡಬ್ಬ ನೋಡಿದರು, ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು.

"ಜಾಗ ನಿನ್ನದು" ಎಂದರು. "ಬರೋವಾಗ ಹೇರ್‌ಪಿನ್ ತಗೊಂಡು ಬಾ. ಅತ್ತೆಯನ್ನ ಮಾತ್ರ ಕರ್ಕೊಂಡು ಬರಬೇಡ."